ಹೇಳಿಕೊಟ್ಟವರು

ಇಪ್ಪತ್ಮೂರನೆಯ ರೆಕಾರ್ಡಿಂಗಿನಲ್ಲಿ ಸೋಮಲಿಂಗಪ್ಪನವರು ಕೆಮ್ಮಿದ್ದು ನಿಜವಾದ ಕೆಮ್ಮಲ್ಲ ಎಂದು ಸಿಂಚನಾಗೆ ಕೇಳಿದ ತಕ್ಷಣ ಅನ್ನಿಸಿತು.

ಎರಡು ತಿಂಗಳಿಂದ ಇಯರ್‌ಫೋನಿನಲ್ಲಿ ಅವರ ದನಿಯನ್ನೇ ಕೇಳುತ್ತಿದ್ದವಳಿಗೆ ಅವರ ಕೆಮ್ಮಿನ ಗುರುತು ಸಿಕ್ಕಿತ್ತು. ನಿಜವಾದದ್ದು ಎದೆಯ ತಳದಿಂದ ಬರುತ್ತಿತ್ತು. ಬಂದರೆ ಮೂರು ನಾಲ್ಕು ಸಲ ಸಾಲಾಗಿ, ಆಮೇಲೆ ಕರವಸ್ತ್ರ ಹುಡುಕುವ ಸದ್ದು. ಇದು ಗಂಟಲಲ್ಲೇ ಒಂದು ಸಲ ಆಗಿ ನಿಂತಿತು. ಅದೂ ಯಾವಾಗ? 'ಹಾಗೋಸ್ ಅಂತ ಒಬ್ಬ ಹುಡುಗ ಇದ್ದ' ಎಂದು ಶುರುಮಾಡಿ 'ಆ ಗುರುವಾರ' ಎನ್ನುವಷ್ಟರಲ್ಲಿ. 'ನೀಲಾ, ಸ್ವಲ್ಪ ಚಾ ಕೊಡ' ಎಂದು ಹೆಂಡತಿಗೆ ಹೇಳಿದ್ದು ಕೇಳಿಸಿತು, ರೆಕಾರ್ಡಿಂಗ್ ಮುಗಿಯಿತು. ಇಪ್ಪತ್ನಾಲ್ಕನೆಯದು ಹೇಸರಗತ್ತೆಗಳಿಂದ ಶುರುವಾಗಿತ್ತು. ಗುರುವಾರ ಎಲ್ಲಿ ಹೋಯಿತೋ ಗೊತ್ತಿಲ್ಲ.

ಸಿಂಚನಾ ಮದ್ದೂರಿನ ಕಡೆಯವಳು. ಪಿಯುಸಿ ಮೊದಲ ವರ್ಷಕ್ಕೇ ಓದು ಬಿಟ್ಟು, ತಾಲ್ಲೂಕು ಕಚೇರಿ ಎದುರಿನ ಡಿಟಿಪಿ ಅಂಗಡಿಯಲ್ಲಿ ನಾಲ್ಕು ವರ್ಷ ಟೈಪ್ ಮಾಡಿದ್ದಳು. ಮದುವೆ ಕಾಗದ, ಪಹಣಿ ತಿದ್ದುಪಡಿ ಅರ್ಜಿ, ಪಾಲುಪಟ್ಟಿ, ಅಫಿಡವಿಟ್ಟು. 'ಅವ್ರು ಹೇಳಿದ್ದನ್ನ ಟೈಪ್ ಮಾಡು, ಹೇಳ್ದೆ ಬಿಟ್ಟಿದ್ದನ್ನ ನೆನಪಿಟ್ಕೊ' ಎನ್ನುತ್ತಿದ್ದರು ಅಂಗಡಿಯ ಜಯಪ್ರಕಾಶ. ಜನ ಯಾವ ಪದದ ಹತ್ತಿರ ಬಂದಾಗ ಕಿಟಕಿಯ ಕಡೆ ನೋಡುತ್ತಾರೆ ಎಂಬುದು ಅವಳಿಗೆ ಅಲ್ಲೇ ತಿಳಿದದ್ದು. ಗಂಡ ದಿನೇಶ ಕೇರ್ ಹೋಮಿನ ಕೆಲಸಕ್ಕೆ ಇಂಗ್ಲೆಂಡಿಗೆ ಬಂದಾಗ ಜೊತೆಗೆ ಬಂದಳು. ಎಕಲ್ಸ್ ಎಂಬ ಊರಿನಲ್ಲಿ ಒಂದು ಕೋಣೆ. ಅವನ ಪಾಳಿಯ ರೋಟಾ ಒಂದು ಕಡೆ, ಇವಳ ಮೌನ ಒಂದು ಕಡೆ. ಯುಗಾದಿ ಊಟದ ಸಾಲಿನಲ್ಲಿ ನಿಂತಿದ್ದಾಗ ಅರ್ಪಿತಾ ಎನ್ನುವವರು ದಿನೇಶನನ್ನು ಕೇಳಿದ್ದರು: 'ಕನ್ನಡ ಟೈಪಿಂಗ್ ಬರೋರು ಯಾರಾದ್ರೂ ಗೊತ್ತಾ?' ಅವನು ಪಕ್ಕದಲ್ಲಿದ್ದವಳನ್ನು ತೋರಿಸಿದ.

ಅಂದಿನಿಂದ ವಾರಕ್ಕೆ ಮೂರು ದಿನ ಟ್ರಾಮ್ ಹತ್ತಿ ಮೀಡಿಯಾಸಿಟಿ ಎಂಬ ಬಡಾವಣೆಗೆ ಬಂದು, ಏಳನೆಯ ಮಹಡಿಯ ಫ್ಲಾಟಿನಲ್ಲಿ ಊಟದ ಮೇಜಿನ ತುದಿಗೆ ಕೂತು, ಅರ್ಪಿತಾರ ತಂದೆ ಸೋಮಲಿಂಗಪ್ಪನವರು ಫೋನಿಗೆ ಹೇಳಿಟ್ಟ ಕಥೆಯನ್ನು ಅಕ್ಷರಕ್ಕಿಳಿಸುತ್ತಿದ್ದಳು. ಅದನ್ನು ಅರ್ಪಿತಾ ಇಂಗ್ಲಿಷಿಗೆ ಮಾಡುತ್ತಿದ್ದರು.

ಕಥೆ ಇಥಿಯೋಪಿಯಾದ್ದು. ಗದಗಿನ ಕಡೆಯ ಸೋಮಲಿಂಗಪ್ಪನವರು ಎಪ್ಪತ್ತನಾಲ್ಕರಲ್ಲಿ, ಬಿಎಡ್ ಮುಗಿಸಿದ ಹೊಸತರಲ್ಲಿ, ಆ ದೇಶದ ಉತ್ತರಕ್ಕಿರುವ ಟಿಗ್ರಾಯ್ ಸೀಮೆಯ ಸಣ್ಣ ಊರೊಂದಕ್ಕೆ ಗಣಿತದ ಮೇಷ್ಟ್ರಾಗಿ ಹೋಗಿದ್ದರು. ಹೋದ ತಿಂಗಳಲ್ಲೇ ಸೈನ್ಯ ಮುದಿ ಚಕ್ರವರ್ತಿಯನ್ನು ಇಳಿಸಿತು. ಸೈನಿಕರ ಕೂಟ ಗದ್ದುಗೆ ಹತ್ತಿತು, ಕೂಟದೊಳಗಿಂದ ಒಬ್ಬನೇ ಸರ್ವಾಧಿಕಾರಿ ಮೇಲೆದ್ದ. ಮರುವರ್ಷ ಹತ್ತಾರು ಹುಡುಗರು ಕೈಗೆ ಸಿಕ್ಕ ಹಳೆಯ ಬಂದೂಕು ಹಿಡಿದು ಗುಡ್ಡ ಹತ್ತಿದರು. ಸೋಮಲಿಂಗಪ್ಪನವರು ಇದನ್ನೆಲ್ಲ ಹೇಳುವಾಗ ದನಿ ಹರೆಯದವರದಾಗುತ್ತಿತ್ತು. ಗುಡ್ಡದ ಹುಡುಗರ ಕಾಲಲ್ಲಿ ಪ್ಲಾಸ್ಟಿಕ್ ಚಪ್ಪಲಿ. ಹಗಲು ಒಲೆ ಹಚ್ಚುವಂತಿಲ್ಲ, ಹೊಗೆ ಕಂಡರೆ ವಿಮಾನ ಬರುತ್ತಿತ್ತು. ಬಂಡೆ ಕೊರೆದ ಗವಿಗಳಲ್ಲಿ ಆಸ್ಪತ್ರೆ, ಶಾಲೆ. ಹೆಣ್ಣುಮಕ್ಕಳು ಕೂದಲು ಕತ್ತರಿಸಿ ಚಡ್ಡಿ ತೊಟ್ಟು ಬಂದೂಕು ಹೊತ್ತರು. ಸಂತೆಯ ದಿನ ಸಂತೆಯ ಮೇಲೇ ಬಾಂಬು ಬಿತ್ತು. ಹದಿನಾರು ವರ್ಷಕ್ಕೆ ಅದೇ ಹುಡುಗರು, ಉಳಿದವರು, ಟ್ಯಾಂಕುಗಳ ಮೇಲೆ ಕೂತು ರಾಜಧಾನಿಗೆ ಬಂದರು. ಸರ್ವಾಧಿಕಾರಿ ಅಷ್ಟರಲ್ಲಿ ವಿಮಾನ ಹತ್ತಿ ಓಡಿದ್ದ. ಆ ಹೊತ್ತಿಗೆ ಸೋಮಲಿಂಗಪ್ಪನವರು ಧಾರವಾಡಕ್ಕೆ ಮರಳಿದ್ದರು. ಹಳೆಯ ಶಿಷ್ಯನೊಬ್ಬನ ಕಾಗದದಿಂದ ಗೊತ್ತಾಯಿತಂತೆ.

ಇಷ್ಟೆಲ್ಲ ಚೆನ್ನಾಗಿ ಹೇಳುವ ಮನುಷ್ಯ ಅದನ್ನು ಕನ್ನಡದಲ್ಲೇ ಏಕೆ ಹೇಳಬೇಕು? ಸಿಂಚನಾಗೆ ಮೊದಲ ಅನುಮಾನ ಬಂದದ್ದು ಅಲ್ಲಿ. ಒಂಬತ್ತು ವರ್ಷ ಇಂಗ್ಲಿಷಿನಲ್ಲಿ ಪಾಠ ಮಾಡಿದವರು. ಅಲ್ಲಿಯ ಭಾಷೆ ಈಗಲೂ ಬರುತ್ತಿತ್ತು. ಕೇಳುವವರು ಕನ್ನಡದವರೂ ಅಲ್ಲ.

ಕೇಳುತ್ತಿದ್ದವರು ಲೀಡ್ಸಿನ ಅಬ್ರೆಹೆತ್. ಐವತ್ತೇಳು ವರ್ಷದ ಹೆಂಗಸು, ಹಾಗೋಸನ ತಂಗಿ. ಸೋಮಲಿಂಗಪ್ಪನವರು ಪಾಠ ಮಾಡಿದ್ದ ಆ ತಮ್ಮ ಊರಿನಲ್ಲಿ ಸತ್ತವರ ಬಗ್ಗೆ, ಬದುಕಿರುವವರ ಬಾಯಿಂದ ಕೇಳಿ, ಅವರ ಸಂಘದವರು ಒಂದು ಪುಸ್ತಕ ಮಾಡುತ್ತಿದ್ದರು. 'ಗುಡ್ಡದಿಂದ ಇಳಿದುಬಂದವರೂ ಆಮೇಲೆ ಅದೇ ಕುರ್ಚಿಗಳಲ್ಲಿ ಕೂತರು, ಮೊನ್ನೆ ಮೊನ್ನೆ ಮತ್ತೊಂದು ಯುದ್ಧವೂ ಆಗಿಹೋಯಿತು. ಹಳೆಯ ಸಾವುಗಳನ್ನು ಯಾರೂ ಬರೆದಿಡಲಿಲ್ಲ' ಎಂದು ಅಬ್ರೆಹೆತ್ ಮೊದಲ ಸಲ ಬಂದಾಗ ಹೇಳಿದ್ದರು. ಅಂದೇ ಕೆಲಸಕ್ಕೆ ಸೇರಿದ್ದ ಸಿಂಚನಾಗೆ ಅವರ ಇಂಗ್ಲಿಷ್ ಅರ್ಥವಾಗುತ್ತಿತ್ತು, ನಿಧಾನದ ಇಂಗ್ಲಿಷ್. ಸೋಮಲಿಂಗಪ್ಪನವರು ನಗುತ್ತ ಅವರ ಭಾಷೆಯಲ್ಲೇ ಮಾತಾಡಿ, ಕೊನೆಗೆ ಇಂಗ್ಲಿಷಿನಲ್ಲಿ ಹೇಳಿದ್ದರು: ಬಾಯಿ ತಿರುಗುವುದಿಲ್ಲವಮ್ಮ, ವಯಸ್ಸಾಯಿತು, ನನ್ನ ಭಾಷೆಯಲ್ಲಿ ಹೇಳಿಡುತ್ತೇನೆ, ನನ್ನ ಮಗಳು ಇಂಗ್ಲಿಷ್ ಮಾಡಿ ಕೊಡುತ್ತಾಳೆ.

ಹಾಗೋಸನ ಪುಟ ಮಾತ್ರ ಆಗಲೇ ಬರೆದಾಗಿತ್ತು. ಅಬ್ರೆಹೆತ್ ಅದನ್ನು ಓದಿ ತೋರಿಸಿದ್ದರು. ಎಪ್ಪತ್ತೇಳನೆಯ ಇಸವಿ. ಹದಿನೇಳು ವರ್ಷದ ಹಾಗೋಸ್ ಗುಡ್ಡ ಸೇರಿದ್ದ. ಒಂದು ಗುರುವಾರ ಮನೆಗೆ ಬಂದವನನ್ನು ಸರ್ಕಾರದ ಕೇರಿ ಸಮಿತಿಯ ಚೇರ್ಮನ್ ಹಿಡಿಸಿದ. ಶನಿವಾರ ಸಂತೆಯ ದಾರಿಯಲ್ಲಿ ಹೆಣ ಸಿಕ್ಕಿತು. ಹೆಸರು ಕೊಟ್ಟವಳು ಪಕ್ಕದ ಮನೆಯ ಲೆಮ್ಲೆಮ್, ಮನೆಯಲ್ಲಿ ಬಿಯರ್ ಕಾಸಿ ಮಾರುತ್ತಿದ್ದ ಹೆಂಗಸು. ಚೇರ್ಮನ್ ಸಂಜೆ ಅವಳ ಜಗಲಿಯಲ್ಲೇ ಕೂರುತ್ತಿದ್ದ. ಇನ್ನೇನು ಬೇಕು?

'ಲೆಮ್ಲೆಮ್ ಸತ್ತಳು, ಹೆಣ ಎತ್ತಲು ನಾಲ್ಕು ಜನ ಬರಲಿಲ್ಲ' ಎಂದಿದ್ದರು ಅಬ್ರೆಹೆತ್. 'ಅವಳ ಮಗಳು ಲೀಡ್ಸಿನಲ್ಲೇ ಇದ್ದಾಳೆ. ನಮ್ಮ ಚರ್ಚಿಗೇ ಬರುತ್ತಾಳೆ. ಅವಳ ಕೈಯ ಕಾಫಿ ನಾವು ಯಾರೂ ಕುಡಿಯುವುದಿಲ್ಲ.' ಹಾಗೆಂದು ಸೋಮಲಿಂಗಪ್ಪನವರ ಕಡೆ ತಿರುಗಿ, 'ಆ ಕಾಲದವರಲ್ಲಿ ನೀವೊಬ್ಬರೇ ಉಳಿದಿದ್ದೀರಿ, ಟೀಚರ್. ನೀವು ಬೇರೆ ಏನೂ ಹೇಳದಿದ್ದರೆ ಅವಳ ಹೆಸರು ಹಾಗೇ ಅಚ್ಚಿಗೆ ಹೋಗುತ್ತದೆ' ಎಂದಿದ್ದರು.

ಸೋಮಲಿಂಗಪ್ಪನವರು ಆಗ ಕಿಟಕಿಯ ಕಡೆ ನೋಡಿದ್ದರು. ಕೆಳಗೆ ನೀರಿನ ದಂಡೆಯಲ್ಲಿ ಬಾತುಗಳು ಮೆರವಣಿಗೆ ಹೊರಟಿದ್ದವು, ನೋಡುವಂಥದ್ದೇ. ಆದರೂ.

ಮೂವತ್ತೊಂದನೆಯ ರೆಕಾರ್ಡಿಂಗಿನಲ್ಲಿ ಆ ಮಾತು ಬಂತು. ಶಾಲೆಯ ತಗಡಿನ ಮಾಡು, ಮಾಡಿನ ಮೇಲೆ ಬೀಳುವ ಆಲಿಕಲ್ಲು, ಅದರ ಸದ್ದಿಗೆ ಪಾಠ ನಿಲ್ಲಿಸುತ್ತಿದ್ದದ್ದು, ಇವುಗಳ ನಡುವೆ ಏನೂ ಸಂಬಂಧವಿಲ್ಲದೆ: 'ಚೇರ್ಮನ್ನಗ ನಾನ ಹೇಳಿಕೊಟ್ಟೆ. ಮತ್ಯಾರೂ ಅಲ್ಲ.' ಉಸಿರು ತೆಗೆದುಕೊಳ್ಳದೆ ಮತ್ತೆ ಆಲಿಕಲ್ಲು.

ಸಿಂಚನಾ ಕೇಳಿಸಿದ್ದನ್ನು ಕೇಳಿಸಿದಂತೆ ಟೈಪ್ ಮಾಡಿದಳು. ಎರಡು ದಿನ ಬಿಟ್ಟು ಅರ್ಪಿತಾ ಮಾಡಿದ ಇಂಗ್ಲಿಷ್ ನೋಡಿದಾಗ ಅಲ್ಲಿ 'ಟಾಟ್' ಎಂದಿತ್ತು. ಚೇರ್ಮನ್ನನಿಗೆ ನಾನೇ ಪಾಠ ಹೇಳಿಕೊಟ್ಟೆ. ಅದೂ ಸರಿಯೇ. ಚೇರ್ಮನ್ ಸಂಜೆ ಹೊತ್ತು ಇವರ ಮನೆಗೆ ಲೆಕ್ಕ ಕಲಿಯಲು ಬರುತ್ತಿದ್ದ ಎಂಬುದು ಎಂಟನೆಯ ರೆಕಾರ್ಡಿಂಗಿನಲ್ಲೇ ಇತ್ತು. ಅವಳೂ ಅಲ್ಲಿಗೆ ಬಿಟ್ಟುಬಿಡುತ್ತಿದ್ದಳೇನೋ.

ಆದರೆ ಆ ಮಧ್ಯಾಹ್ನ ಶಾಲೆಯಿಂದ ಬಂದ ಅರ್ಪಿತಾರ ಮಗಳು ಕೃತಿ, ಹತ್ತು ವರ್ಷದವಳು, ಕೋಡಬಳೆಯ ಡಬ್ಬಿಗೆ ಕೈ ಹಾಕಿದಳು. ಅಜ್ಜಿ ನೀಲಮ್ಮನವರು ಸೋಫಾದಿಂದಲೇ ಕಂಡರು.

'ಏ, ಅದು ನಾಕನೇದು. ನಿಮ್ಮವ್ವ ಬರ್ಲಿ ತಡಿ, ಹೇಳಿಕೊಡ್ತೀನಿ.'

'ಡೋಂಟ್ ಯು ಡೇರ್, ಅಜ್ಜಿ. ಯು ಹ್ಯಾಡ್ ಫೈವ್.'

'ನನಗ ಎಪ್ಪತ್ತೆರಡು ವರ್ಷ ಆತು. ನಾ ಐದಾರ ತಿಂತೀನಿ, ಐವತ್ತಾರ ತಿಂತೀನಿ.'

ಸಿಂಚನಾಳ ಬೆರಳು ಕೀಲಿಗಳ ಮೇಲೆ ನಿಂತವು. ಅವಳ ಊರಿನಲ್ಲೂ ಹಾಗೇ. ಮಿಸ್‌ಗೆ ಹೇಳ್ಕೊಡ್ತೀನಿ, ನಿಮ್ಮಪ್ಪಂಗೆ ಹೇಳ್ಕೊಡ್ತೀನಿ. ಪಾಠಕ್ಕೂ ಅದೇ ಪದ, ಚಾಡಿಗೂ ಅದೇ ಪದ. ಮದ್ದೂರಿನವಳಿಗೆ ಎರಡೂ ಒಂದೇ ಬಾಯಲ್ಲಿ ಬರುತ್ತಿತ್ತು. ಈ ಮನೆಯವರಿಗೆ?

ಫೈಲುಗಳನ್ನೆಲ್ಲ ತೆರೆದು 'ಕಲಿಸ' ಎಂದು ಹುಡುಕಿದಳು. ಅರವತ್ತೊಂದು ಕಡೆ ಬಂತು. ಗಣಿತ ಕಲಿಸಿದೆ, ಹುಡುಗರಿಗೆ ಬೀಜಗಣಿತ ಕಲಿಸ್ತಿದ್ದೆ, ಚೇರ್ಮನ್ನಗ ಕೂಡೂದು ಕಳಿಯೂದು ಕಲಿಸಿದೆ. 'ಹೇಳಿಕೊಟ್ಟೆ' ಎಂದು ಹುಡುಕಿದಳು. ಒಂದು ಕಡೆ.

ಅರವತ್ತೊಂದು ಸಲ ಒಂದು ಪದ ಹಿಡಿದ ಮನುಷ್ಯ ಒಂದೇ ಒಂದು ಸಲ ಬೇರೆ ಪದ ಎತ್ತಿಕೊಂಡಿದ್ದ.

ಮರುದಿನ ಅರ್ಪಿತಾ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಹೆಡ್‌ಫೋನ್ ತೆಗೆದು ನೀರು ಕುಡಿಯಲು ಬಂದಾಗ ಸಿಂಚನಾ ಎದ್ದು ನಿಂತಳು.

'ಅರ್ಪಿತಾಕ್ಕ, ಮೂವತ್ತೊಂದನೇ ಫೈಲಲ್ಲಿ ಒಂದು ಡೌಟಿತ್ತು.'

'ಬೇಗ ಹೇಳು, ನಂಗೆ ಕಾಲ್ ಇದೆ.'

'ಹೇಳಿಕೊಟ್ಟೆ ಅನ್ನೋದನ್ನ ಟಾಟ್ ಅಂತ ಹಾಕಿದೀರ.'

'ಮತ್ತೇನು ಹಾಕ್ಲಿ? ಟೀಚ್ ಮಾಡಿದ್ರು, ಟಾಟ್.'

'ಸರ್ ಬೇರೆ ಎಲ್ಲಾ ಕಡೆ ಕಲಿಸಿದೆ ಅಂತಾರೆ. ಅರವತ್ತೊಂದು ಸಲ. ಇದೊಂದು ಕಡೆ ಮಾತ್ರ...'

ಅರ್ಪಿತಾ ಲೋಟ ಕೆಳಗಿಟ್ಟರು. 'ನೀನು ಎಣಿಸಿದ್ಯಾ?'

'ಕಂಪ್ಯೂಟರ್ರೇ ಎಣಿಸುತ್ತೆ ಅಕ್ಕ.'

'ಸಿಂಚನಾ, ಅಪ್ಪ ಧಾರವಾಡ ಬಿಟ್ಟು ಎಷ್ಟು ವರ್ಷ ಆಯ್ತು ಗೊತ್ತಾ? ಬೆಂಗಳೂರಲ್ಲಿದ್ರು, ಇಲ್ಲಿ ಎಲ್ಲಾ ಕಡೆಯವರ ಜೊತೆ ಮಾತಾಡ್ತಾರೆ. ಭಾಷೆ ಮಿಕ್ಸ್ ಆಗಿರುತ್ತೆ. ಅದರಲ್ಲಿ ನೀನು ಏನು ಹುಡುಕ್ತಿದೀಯ?'

'ಏನಿಲ್ಲ ಅಕ್ಕ.'

'ಏನಿಲ್ಲ ಅಂದ್ರೆ ಏನಿಲ್ಲ ಅಲ್ವಾ?' ಅರ್ಪಿತಾ ಹೆಡ್‌ಫೋನ್ ಹಾಕಿಕೊಂಡು ಒಳಗೆ ಹೋದರು. ಬಾಗಿಲು ಮುಚ್ಚುವಾಗ ಒಂದು ಸಲ ಹಿಂತಿರುಗಿ, ಸಿಂಚನಾಳನ್ನಲ್ಲ, ಅವಳ ಲ್ಯಾಪ್‌ಟಾಪನ್ನು ನೋಡಿದರು.

ಅಡುಗೆಮನೆಯಲ್ಲಿ ನೀಲಮ್ಮನವರು ರೊಟ್ಟಿ ಬಡಿಯುತ್ತಿದ್ದರು. ಬಡಿಯುವ ಸದ್ದು ಆಗಲೇ ನಿಂತಿತ್ತು. ಸ್ವಲ್ಪ ಹೊತ್ತಿಗೆ ಕೈಯ ಹಿಟ್ಟನ್ನೂ ತೊಳೆಯದೆ ಹೊರಗೆ ಬಂದು ಎದುರಿನ ಕುರ್ಚಿಯಲ್ಲಿ ಕೂತರು.

'ತಂಗಿ, ನೀ ಬರ್ಯಾಕ ಬಂದಿ. ಬಗಿಹರಿಸಾಕ ಬಂದಿಲ್ಲ.'

'ಹೌದಮ್ಮ.'

'ನಾ ಆಗ ಐದು ತಿಂಗಳ ಬಸರಿ. ಈ ಅರ್ಪಿತಾನ ಹೊಟ್ಟ್ಯಾಗ. ಯಾರರ ಬಾಗಲಾ ಬಡದ್ರ ಜೀವ ಬಾಯಿಗೆ ಬರ್ತಿತ್ತು. ಮೂರು ತಿಂಗಳಿಗೆ ರಾಜಧಾನಿಗೆ ವರ್ಗ ಆತು, ಅಲ್ಲೇ ಹಡದೆ. ಅದ್ಯಾವುದೂ ನಿನ್ನ ಕಂಪ್ಯೂಟರಿನ್ಯಾಗ ಬರೂದಿಲ್ಲ.'

'ಆ ಹುಡುಗ ಮನೆಗೆ ಬರ್ತಿದ್ನಾ ಅಮ್ಮ?'

'ಯಾವ ಹುಡುಗ?' ಎಂದರು ನೀಲಮ್ಮನವರು, ತೀರ ಬೇಗ. ಎದ್ದು ಹೋಗಿ ರೊಟ್ಟಿ ಬಡಿಯತೊಡಗಿದರು. ಆ ಬಡಿತ ಮೊದಲಿನದಕ್ಕಿಂತ ಜೋರಾಗಿತ್ತು.

ಅರ್ಪಿತಾ ಜೊತೆ ಅವಳು ಆಡಿದ್ದು ಒಂದು ಪದದ ಮಾತು. ಆ ದಿನಗಳ ಹೆದರಿಕೆಯನ್ನಾಗಲಿ ಬಸುರಿನ ವಿಷಯವನ್ನಾಗಲಿ ಯಾರೂ ಎತ್ತಿರಲಿಲ್ಲ. ನೀಲಮ್ಮನವರೇ ಅಲ್ಲಿಗೆ ಹೋಗಿದ್ದರು. ಟ್ರಾಮಿನಲ್ಲಿ ಮನೆಗೆ ಹೋಗುವಾಗಲೂ ಸಿಂಚನಾಗೆ ಅದೇ ಯೋಚನೆ. ಗುರುವಾರ ಹುಡುಗ ಸಿಕ್ಕಿಬಿದ್ದ ಊರಿನಿಂದ ಮೂರೇ ತಿಂಗಳಿಗೆ ರಾಜಧಾನಿಗೆ ವರ್ಗ. ಅಂಥ ಕಾಲದಲ್ಲಿ ಪರದೇಶದ ಮೇಷ್ಟ್ರಿಗೆ ಅಂಥ ವರ್ಗ ಯಾರು ಮಾಡಿಸಿಕೊಡುತ್ತಾರೆ? ದಿನೇಶನಿಗೆ ಹೇಳಿದರೆ, 'ಊರಿನ ತಾಲ್ಲೂಕಾಫೀಸು ಬಿಟ್ಟು ಬಂದ್ರೂ ನೀನು ಅಲ್ಲೇ ಇದೀಯ' ಎಂದು ನಕ್ಕು ಮಲಗಿದ.

ಶುಕ್ರವಾರ ಸೋಮಲಿಂಗಪ್ಪನವರೊಬ್ಬರೇ ಹಾಲಿನಲ್ಲಿದ್ದರು. ಐಪ್ಯಾಡಿನಲ್ಲಿ ಅರ್ಪಿತಾರ ಇಂಗ್ಲಿಷ್ ಪುಟಗಳನ್ನು ದೊಡ್ಡಕ್ಷರ ಮಾಡಿ ಓದುತ್ತಿದ್ದರು. ಭಾನುವಾರ ಅಬ್ರೆಹೆತ್ ಬರುವವರಿದ್ದರು. ಸೋಮವಾರ ಪುಸ್ತಕ ಅಚ್ಚಿಗೆ.

'ಸರ್, ಒಂದು ಪದ ಕೇಳ್ಬೇಕಿತ್ತು.'

'ಕೇಳವಾ.'

'ಚೇರ್ಮನ್‌ಗೆ ಹೇಳಿಕೊಟ್ಟೆ ಅಂತ ಇದೆ.'

ಅವರು ಐಪ್ಯಾಡಿನಿಂದ ತಲೆಯೆತ್ತಲಿಲ್ಲ. 'ನೀ ಸಾಲಿ ಎಲ್ಲೀತನಕ ಓದಿ?'

'ಪಿಯುಸಿ ಫಸ್ಟ್ ಇಯರ್‌ಗೆ ಬಿಟ್ಟೆ ಸರ್.'

'ಬಿಡಬಾರದಿತ್ತು.'

'ಹೇಗೆ ಬರೀಲಿ ಸರ್?'

'ಹ್ಯಾಂಗ ಕೇಳಿಸ್ತೋ ಹಾಂಗ ಬರಿ.'

'ಹಾಗೇ ಬರ್ದಿದೀನಿ. ಇಂಗ್ಲಿಷಲ್ಲಿ ಬೇರೆ ಥರ ಆಗಿದೆ.'

'ಇಂಗ್ಲಿಷ್ ನಿನ್ನ ಕೆಲಸಾ ಅಲ್ಲಲ್ಲವಾ' ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ಹೆದರಿಕೆ ತರಿಸಿತು. ಐಪ್ಯಾಡಿನ ಮೇಲೆ ತೆರೆದಿದ್ದ ಪುಟದಲ್ಲಿ ಆಲಿಕಲ್ಲು ಎಂಬುದರ ಇಂಗ್ಲಿಷ್ ಪದ ಅವಳಿಗೆ ಗುರುತು ಸಿಕ್ಕಿತು. ಅದೇ ಪುಟ. ಅವರು ಆ ಸಾಲನ್ನು ಓದಿದ್ದರು. ಓದಿ, ತಿದ್ದದೆ, ಬಿಟ್ಟಿದ್ದರು.

ಆಗ ಅವಳಿಗೆ ಹೊಳೆಯಿತು. ಇಷ್ಟನ್ನೂ ಕನ್ನಡದಲ್ಲಿ ಹೇಳಿದ್ದು ಈ ಒಂದು ಪದಕ್ಕಾಗಿ. ಹೇಳಿದಂತೆಯೂ ಆಗಬೇಕು, ಯಾರಿಗೂ ಗೊತ್ತಾಗಲೂಬಾರದು.

ಭಾನುವಾರ ಅವಳಿಗೆ ಕೆಲಸವಿರಲಿಲ್ಲ. ಆದರೂ ಬಂದಳು, ಕನ್ನಡದ ಪುಟಗಳ ಪ್ರಿಂಟ್ ಕೊಡುವ ನೆಪ ಮಾಡಿಕೊಂಡು. ಬಾಗಿಲು ತೆರೆದ ಅರ್ಪಿತಾ, 'ಈಮೇಲ್ ಮಾಡಿದ್ರೆ ಸಾಕಾಗಿತ್ತಲ್ಲ' ಎಂದರು. ಅಷ್ಟರಲ್ಲಿ ಅಬ್ರೆಹೆತ್ ಸೋಫಾದಲ್ಲಿ ಕೂತಾಗಿತ್ತು. ಬಿಳಿಯ ಶಾಲು, ಮೊಣಕಾಲ ಮೇಲೆ ಇಂಗ್ಲಿಷ್ ಪುಟಗಳು. ಬೆರಳಿಟ್ಟು ಓದುತ್ತಿದ್ದರು. ಸಿಂಚನಾ ಅಡುಗೆಮನೆಯ ಬಾಗಿಲಲ್ಲಿ, ನೀಲಮ್ಮನವರ ಹಿಂದೆ ನಿಂತಳು.

ಬೆರಳು ಒಂದು ಕಡೆ ನಿಂತಿತು.

'ಟೀಚರ್, ಚೇರ್ಮನ್ನನಿಗೆ ನೀವು ಪಾಠ ಮಾಡಿದಿರಿ.'

'ಗಣಿತ' ಎಂದರು ಅರ್ಪಿತಾ, ತಂದೆಗಿಂತ ಮೊದಲು. 'ಸಂಜೆ ಹೊತ್ತು.'

'ಮುಂದೆ ಮತ್ಯಾರೂ ಅಲ್ಲ ಅಂತಿದೆ. ಯಾಕೆ? ಆ ಊರಿನಲ್ಲಿ ಗಣಿತದ ಮೇಷ್ಟ್ರು ಇವರೊಬ್ಬರೇ ಇದ್ದದ್ದು. ಅದನ್ನು ಯಾರು ಅನುಮಾನಿಸುತ್ತಾರೆ?'

ಅಬ್ರೆಹೆತ್ ಅರ್ಪಿತಾರನ್ನು ನೋಡಿದರು, ಸೋಮಲಿಂಗಪ್ಪನವರನ್ನು ನೋಡಿದರು, ಆಮೇಲೆ ಬಾಗಿಲಲ್ಲಿದ್ದವಳನ್ನು. 'ಟೈಪ್ ಮಾಡಿದವಳು ನೀನು ತಾನೆ?'

ಸಿಂಚನಾ ತಲೆಯಾಡಿಸಿದಳು. ಈ ದೇಶಕ್ಕೆ ಬಂದಾಗಿನಿಂದ ಅವಳು ಆಡಿದ್ದ ಇಂಗ್ಲಿಷ್ ಎಂದರೆ ಡಾಕ್ಟರ ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಹೆಸರು, ಪೋಸ್ಟ್‌ಕೋಡ್, ಹುಟ್ಟಿದ ತಾರೀಖು.

'ದಿಸ್ ವರ್ಡ್' ಎಂದಳು, 'ಟೂ ಮೀನಿಂಗ್.'

'ಸಿಂಚನಾ' ಎಂದರು ಅರ್ಪಿತಾ.

'ಟೀಚಿಂಗ್ ಈಸ್ ಒನ್ ಮೀನಿಂಗ್.' ಇನ್ನೊಂದಕ್ಕೆ ಇಂಗ್ಲಿಷ್ ಪದ ಅವಳಿಗೆ ಗೊತ್ತಿರಲಿಲ್ಲ. ಕೃತಿ ಸೋಫಾದ ತೋಳಿನ ಮೇಲಿಂದ ತಲೆಯೆತ್ತದೆ, 'ಟೆಲ್ಲಿಂಗ್ ಆನ್ ಸಮ್‌ಒನ್. ಅಜ್ಜಿ ಸೇಸ್ ಇಟ್ ಟು ಮಿ ಆಲ್ ದಿ ಟೈಮ್' ಎಂದಳು.

ನೀಲಮ್ಮನವರು ಬಾಗಿಲ ಚೌಕಟ್ಟು ಹಿಡಿದರು. ಅರ್ಪಿತಾ ಮಗಳನ್ನು ಒಳಗೆ ಕಳಿಸಿದರು.

ಸೋಮಲಿಂಗಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. 'ನಿನಗ ಸಾಲಿ ಬಿಡಿಸಿದವರು ಯಾರವಾ' ಎಂದು ಸಿಂಚನಾಳನ್ನು ಕೇಳಿ, ಉತ್ತರಕ್ಕೆ ಕಾಯಲಿಲ್ಲ. ಅಬ್ರೆಹೆತ್ ತಮ್ಮ ಭಾಷೆಯಲ್ಲಿ ಏನೋ ಕೇಳಿದರು. ಇವರು ತಲೆ ಅಲ್ಲಾಡಿಸಿದರು. '‌ಅಕಿ ಭಾಷಾದಾಗ ಇದನ್ನ ಹೇಳಾಕ ನನಗ ಬಾಯಿ ಏಳೂದಿಲ್ಲ. ಅರ್ಪಿತಾ, ನಾ ಹೇಳ್ತೀನಿ, ನೀ ಇಂಗ್ಲಿಷಿನ್ಯಾಗ ಹೇಳು.'

'ಅಪ್ಪಾ, ಬೇಡ.'

'ಚೇರ್ಮನ್ನಗ ಲೆಕ್ಕಾ ಕಲಿಸಿದಾವ ನಾನ' ಎಂದು ಅವರು ಶುರುಮಾಡಿದರು. 'ರೇಶನ್ ಹಂಚಾಕ ಅವಂಗ ಕೂಡೂದು ಕಳಿಯೂದು ಬೇಕಾಗಿತ್ತು. ಶಾಣ್ಯಾ ಇದ್ದ, ಲಗೂನ ಕಲ್ತ. ನನ್ನ ಮೂರು ಹುಡುಗರು ಗುಡ್ಡಕ್ಕ ಹೋಗಿದ್ರು. ನಾಕು ತಿಂಗಳು, ಅವರು ಬರದಿದ್ರೂ ನಾ ದಿನಾ ಹಾಜರಿ ಹಾಕತಿದ್ದೆ. ಒಂದಿನ ಅವಾ ಹಾಜರಿ ಪುಸ್ತಕಾ ಇಸಗೊಂಡ. ನಲವತ್ತೆರಡು ಅಂತಿತ್ತು. ಬರೂ ದಾರ್ಯಾಗ ಕ್ಲಾಸಿನ್ಯಾಗ ತಲಿ ಎಣಿಸಿ ಬಂದಿದ್ದ. ಮಾಸ್ತರ, ನಲವತ್ತೆರಡರಾಗ ಮೂವತ್ತೊಂಬತ್ತು ಹ್ವಾದ್ರ ಎಷ್ಟು ಉಳೀತಾವ ಅಂದ. ನಾ ಕಲಿಸಿದ ಲೆಕ್ಕಾ.'

ಅರ್ಪಿತಾ ಇಂಗ್ಲಿಷ್ ಮಾಡಲಿಲ್ಲ. ಅಬ್ರೆಹೆತ್ ಕಾದರು.

'ಮೂರೂ ಹೆಸರು ಕೊಡು, ಇಲ್ಲಾ ನೀನ ಬಾ ಅಂದ. ನೀಲಾ ಒಳಗ ಇದ್ಲು, ಬಸರಿ. ನಾ ಒಂದು ಹೆಸರು ಕೊಟ್ಟೆ. ಇನ್ನಿಬ್ಬರಿಗೆ ಜಡ್ಡಾಗೇದ ಅಂದೆ. ಆ ಇಬ್ಬರು ಕತ್ತಲಾದ ಮ್ಯಾಲೆ ತಮ್ಮ ಮನಿಗೆ ಬಂದು ಹೋಗಿ ಮಾಡ್ತಿದ್ರು, ಹೇಳಿದ್ರ ಸಿಕ್ಕಬೀಳ್ತಿದ್ರು. ಹಾಗೋಸ್ ಭಾಳ ದೂರ ಹೋಗಿದ್ದ, ಮತ್ತ ಊರ ಕಡೆ ಹಾದಿದ್ದಿಲ್ಲ. ಅಂವಾ ಸಿಗೂದಿಲ್ಲ ಅಂತ ಲೆಕ್ಕಾ ಹಾಕಿ ಅವನ ಹೆಸರು ಹೇಳಿಕೊಟ್ಟೆ. ಗುರುವಾರ ಬಂದ.'

ಅವರು ಕೈಗಳನ್ನು ತೊಡೆಯ ಮೇಲೆ ಮಗುಚಿ ಇಟ್ಟುಕೊಂಡರು. ಅರ್ಪಿತಾ ನೆಲ ನೋಡುತ್ತಿದ್ದರು. 'ವಾಟ್ ಡಿಡ್ ಹೀ ಸೇ?' ಎಂದು ಅಬ್ರೆಹೆತ್ ಕೇಳಿದರು, ಅರ್ಪಿತಾರನ್ನಲ್ಲ.

ಸಿಂಚನಾ ಬಾಗಿಲಿನಿಂದ ಎರಡು ಹೆಜ್ಜೆ ಮುಂದೆ ಬಂದಳು. ಅವಳಿಗೆ ಇದ್ದ ಇಂಗ್ಲಿಷಿನಲ್ಲಿ ಅಡಗಿಕೊಳ್ಳಲು ಜಾಗವಿರಲಿಲ್ಲ. ಮೂರು ಹುಡುಗರು ಎಂದಳು. ಚೇರ್ಮನ್ ಮೂರು ಹೆಸರು ಕೇಳಿದ, ಇವರು ಒಂದು ಕೊಟ್ಟರು. ಹಾಗೋಸ್. 'ಹೀ ಥಿಂಕ್, ಹಾಗೋಸ್ ಫಾರ್. ಹಾಗೋಸ್ ಸೇಫ್.' ಒಂದು ಕ್ಷಣ ತಡೆದು, 'ನಾಟ್ ದಟ್ ಲೇಡಿ' ಎಂದಳು.

ಅಬ್ರೆಹೆತ್ ಪುಟಗಳನ್ನು ಜೋಡಿಸಿ, ಅಂಚು ಸಮ ಮಾಡಿ, ಪಕ್ಕಕ್ಕಿಟ್ಟರು.

'ನನಗೆ ಜ್ವರ ಬಂದಿತ್ತು' ಎಂದರು ಆಮೇಲೆ, ಇಂಗ್ಲಿಷಿನಲ್ಲಿ, ಯಾರಿಗೆಂದು ಗೊತ್ತಾಗದಂತೆ. 'ಒಂಬತ್ತು ವರ್ಷ ನನಗೆ. ಅಣ್ಣ ಬೇಕು ಅಂತ ಅಳುತ್ತಿದ್ದೆ. ಅಮ್ಮ ಹೇಳಿಕಳಿಸಿದಳು.' ಸೋಮಲಿಂಗಪ್ಪನವರ ಕಡೆ ತಿರುಗಿದರು. 'ಉಳಿದ ಇಬ್ಬರು?'

'ಒಬ್ಬ ಯುದ್ಧದಾಗ ಹ್ವಾದ' ಎಂದರು ಅವರು, ಕನ್ನಡದಲ್ಲೇ ಹೇಳುತ್ತಿದ್ದೇನೆ ಎಂಬ ಎಚ್ಚರವಿಲ್ಲದೆ. ಮತ್ತೆ ಅಬ್ರೆಹೆತ್‌ರ ಭಾಷೆಯಲ್ಲಿ ಒಂದೆರಡು ಮಾತು ಹೇಳಿದರು. ಕಾಗದ ಬರೆದವನು ಇನ್ನೊಬ್ಬ ಎಂದಿರಬೇಕು. ಅಬ್ರೆಹೆತ್ ತಲೆಯಾಡಿಸಿದರು. ಅದು ಕ್ಷಮೆಯೋ ಲೆಕ್ಕವೋ ಸಿಂಚನಾಗೆ ತಿಳಿಯಲಿಲ್ಲ. ಅವಳು ತುಂಬ ಹತ್ತಿರದಿಂದಲೇ ನೋಡುತ್ತಿದ್ದಳು.

'ನಲವತ್ತೆಂಟು ವರ್ಷ ಟೀಚರ್' ಎಂದರು ಅಬ್ರೆಹೆತ್. 'ಮೊದಲ ದಿನ ಲೆಮ್ಲೆಮ್ ಹೆಸರು ಓದಿದಾಗ ನೀವು ಇಲ್ಲೇ ಕೂತಿದ್ದಿರಿ.'

ನೀಲಮ್ಮನವರು ಬಂದು ಗಂಡನ ಕುರ್ಚಿಯ ಹಿಂದೆ ನಿಂತರು. 'ಸಾಕು, ಇನ್ನ ಅಕೀನ್ನ ಕಳಸು' ಎಂದು ಮಗಳಿಗೆ ಹೇಳಿದರು. ಯಾರನ್ನು ಎಂದು ಅರ್ಪಿತಾ ಕೇಳಲಿಲ್ಲ. ಸಿಂಚನಾ ತಾನೇ ತನ್ನ ಚೀಲ ಎತ್ತಿಕೊಂಡಳು.

ಆದರೆ ಅಬ್ರೆಹೆತ್ ಎದ್ದಿರಲಿಲ್ಲ. ಫೋನ್ ತೆಗೆದು ಹೆಸರುಗಳನ್ನು ಮೇಲಕ್ಕೂ ಕೆಳಕ್ಕೂ ಸರಿಸುತ್ತಿದ್ದರು. ಹುಡುಕಿದ್ದು ಸಿಗಲಿಲ್ಲ. ಯಾರಿಗೋ ಫೋನ್ ಮಾಡಿದರು. ಮಾತಿನ ನಡುವೆ ಲೆಮ್ಲೆಮ್ ಎಂಬ ಹೆಸರು ಬಂತು. ಆ ಕಡೆಯವರಿಗೂ ಗೊತ್ತಿರಲಿಲ್ಲ. ಇನ್ನೊಬ್ಬರಿಗೆ ಮಾಡಿದರು, ಮತ್ತೊಬ್ಬರಿಗೆ. ಒಂದೇ ಚರ್ಚಿನಲ್ಲಿ ಇಪ್ಪತ್ತು ವರ್ಷ ಕೂತವರಲ್ಲಿ ಆ ಮಗಳ ನಂಬರ್ ಯಾರ ಹತ್ತಿರವೂ ಇರಲಿಲ್ಲ. ಕೊನೆಗೆ ಪಾದ್ರಿಯ ಹೆಂಡತಿ ಹೇಳಿದ್ದನ್ನು ಹಾಗೋಸನ ಪುಟದ ಹಿಂದೆ ಬರೆದುಕೊಂಡರು.

ಆ ನಂಬರಿಗೆ ಹಚ್ಚಿ, ಸ್ಪೀಕರ್ ಹಾಕಿ, ಮೊಣಕಾಲ ಮೇಲಿಟ್ಟುಕೊಂಡರು. ಐದಾರು ಸಲ ರಿಂಗ್ ಆಯಿತು. ಹೆಂಗಸಿನ ದನಿಯೊಂದು ಇಂಗ್ಲಿಷಿನಲ್ಲಿ ಹಲೋ ಎಂದಿತು.

ಅಬ್ರೆಹೆತ್ ತಮ್ಮ ಹೆಸರು ಹೇಳಿದರು. ಬರೀ ಹೆಸರು.

ಆ ಕಡೆ, ಹಿಂದೆಲ್ಲೋ ಟಿವಿಯ ಸದ್ದು. ಫೋನ್ ಕಟ್ ಆಯಿತು.

ಅಬ್ರೆಹೆತ್ ಪುಟವನ್ನು ಕಣ್ಣಿನ ಹತ್ತಿರ ಹಿಡಿದು, ಒಂದೊಂದೇ ಅಂಕಿ ನೋಡಿಕೊಂಡು, ಅದೇ ನಂಬರನ್ನು ಮತ್ತೆ ಒತ್ತತೊಡಗಿದರು.